ಸೊಪ್ಪಿನ ಬೆಟ್ಟದ ಲೆಕ್ಕ

ಪ್ರಕೃತಿಯಿಂದ ನಾವು ಸರಳ ಜೀವನವನ್ನು ಕಲಿಯುವ ಬಗೆ ಹೇಗೆ ಎಂಬ ವಿಷಯವಾಗಿ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಾವು ಮೊದಲು ಹಿಂಜರಿದೆವು. ವೃತ್ತಿಯಿಂದ ನಾವು ರಸಾಯನಶಾಸ್ತ್ರದವರು. ಬೆಳಗಿನಿಂದ ಸಂಜೆಯವರೆಗೆ ದ್ರಾವಕಗಳ ವಾಸನೆಯಲ್ಲಿ ಕೆಲಸ ಮಾಡಿ, ಒಮ್ಮೆ ತೊಟ್ಟ ಕೈಗವಸನ್ನು ಎಸೆದು, ಒಮ್ಮೆ ಬಳಸಿದ ಪ್ಲಾಸ್ಟಿಕ್ ನಳಿಕೆಯನ್ನೂ ಎಸೆದು ಮನೆಗೆ ಬರುವವರು ಸರಳ ಜೀವನದ ಉಪದೇಶಕ್ಕೆ ಹೊರಟರೆ ಓದುಗ ಬಂಧುಗಳು ನಕ್ಕಾರು. ಆದರೆ ಕೂಟದ ಊಟದ ತಟ್ಟೆಗಳ ಬಗ್ಗೆ ಈಚೆಗೆ ನಡೆದ ಚರ್ಚೆ ಅನೇಕರಿಗೆ ನೆನಪಿರಬಹುದು. ಆ ಸಭೆಯಲ್ಲಿ ನಾವು ಯೋಚಿಸದೆ ಒಂದು ಮಾತು ಆಡಿಬಿಟ್ಟೆವು. ಅದರ ಬಾಕಿ ನಮ್ಮ ತಲೆಯ ಮೇಲಿದೆ. ಆದ್ದರಿಂದ ಬರೆಯಲು ಒಪ್ಪಿಕೊಂಡೆವು.

ಮಾತು ಶುರುವಾಗಬೇಕಾದದ್ದು ಹೊಳೆಯ ದಂಡೆಯಿಂದ. ನಮ್ಮ ಮೂಲ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆ. ಕಳೆದ ಬೇಸಿಗೆಯಲ್ಲಿ ನಮ್ಮ ಆಯಿ ಊರಿನಿಂದ ಬಂದಿದ್ದಳು. ನಮ್ಮ ಕಡೆ ತಾಯಿಯನ್ನು ಹೀಗೆಯೇ ಕರೆಯುವುದು. ಸಂಜೆ ತಿರುಗಾಡಲು ಪಸೇಯಿಕ್ ನದಿಯ ಕಡೆ ಕರೆದುಕೊಂಡು ಹೋದೆವು. ಅತ್ತ ಇತ್ತ ನೋಡಿ ಅವಳು ಕೇಳಿದ ಮೊದಲನೆಯ ಪ್ರಶ್ನೆ, "ಹೊಳೆಗೆ ಇಳಿಯ ದಾರಿ ಎಲ್ಲಿದ್ದು?" ಎಂದು. ಇಳಿಯುವಂತಿಲ್ಲ, ಇಲ್ಲಿಯ ಏಡಿ ಹಿಡಿಯಬಾರದು, ಮೀನು ತಿನ್ನಬಾರದು ಎಂದು ಸರ್ಕಾರದ ಕಟ್ಟಪ್ಪಣೆ ಇದೆ ಎಂದು ನಾವು ವಿವರಿಸಿದೆವು. ಇಷ್ಟು ದೊಡ್ಡ ಹೊಳೆ ಇಟ್ಟುಕೊಂಡು ನೀರು ಮುಟ್ಟದ ಜನರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಯಾಕೆ ಹೀಗಾಯಿತು ಎಂದು ಕೇಳಿದಳು. ಆ ಉತ್ತರ ಹೇಳಿ ಮುಗಿಯುವಷ್ಟರಲ್ಲಿ ಕತ್ತಲಾಯಿತು.

ಹ್ಯಾರಿಸನ್ನಿಗೆ ಹಿಂದೆ "ಉದ್ಯಮದ ಜೇನುಗೂಡು" ಎಂಬ ಬಿರುದಿತ್ತು. 1882ರಲ್ಲಿ ಥಾಮಸ್ ಎಡಿಸನ್ ತನ್ನ ವಿದ್ಯುದ್ದೀಪದ ಕಾರ್ಖಾನೆಯನ್ನು ಮೆನ್ಲೋ ಪಾರ್ಕಿನಿಂದ ಇಲ್ಲಿಗೆ ತಂದ. ಆಮೇಲೆ ಪಂಪು, ಉಕ್ಕು, ಲಿಫ್ಟು, ರೇಡಿಯೋ ವಾಲ್ವು ಎಲ್ಲವೂ ಇಲ್ಲಿ ತಯಾರಾದವು. ಆ ವಾಲ್ವಿನ ಕಾರ್ಖಾನೆ 1976ರಲ್ಲಿ ಮುಚ್ಚಿತು. ಈಗ ಆ ಜಾಗಗಳಲ್ಲಿ ನಮ್ಮಂಥವರು ಬಾಡಿಗೆಗಿರುವ ಅಪಾರ್ಟ್‌ಮೆಂಟುಗಳು ಎದ್ದಿವೆ. ನದಿಯ ನಿಜವಾದ ದುರ್ದೆಸೆಗೆ ಕಾರಣವಾದದ್ದು ಎದುರು ದಡದ ನ್ಯೂಅರ್ಕಿನ ಲಿಸ್ಟರ್ ಅವೆನ್ಯೂ. ಅಲ್ಲಿ 1951ರಿಂದ 1969ರವರೆಗೆ ಡೈಮಂಡ್ ಆಲ್ಕಲಿ ಎಂಬ ಕಂಪನಿ ಕಳೆನಾಶಕಗಳನ್ನು ತಯಾರಿಸುತ್ತಿತ್ತು. ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ "ಏಜೆಂಟ್ ಆರೆಂಜ್" ಎಂಬ ಎಲೆ ಉದುರಿಸುವ ವಿಷದ ಒಂದು ಭಾಗ ಇಂಥ ಕಳೆನಾಶಕವೇ. ಅದಕ್ಕೆ ಬೇಕಾದ ಟ್ರೈಕ್ಲೋರೋಫೀನಾಲ್ ತಯಾರಿಸುವಾಗ ಶಾಖ ಮಿತಿಮೀರಿದರೆ ಎರಡೆರಡು ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಡಯಾಕ್ಸಿನ್ ಹುಟ್ಟುತ್ತದೆ. ಅದನ್ನು ಯಾರೂ ಬೇಕೆಂದು ತಯಾರಿಸಲಿಲ್ಲ, ಮಾರಲಿಲ್ಲ. ಅದು ಬರೇ ಕಸ. ನೀರಿನಲ್ಲಿ ಕರಗುವುದಿಲ್ಲ, ಕೆಸರಿಗೆ ಅಂಟಿಕೊಂಡು ಕೂರುತ್ತದೆ, ಏಡಿಯ ಕೊಬ್ಬಿಗೆ ಸೇರುತ್ತದೆ. ಮನುಷ್ಯನ ಮೈಯೊಳಗೆ ಹೊಕ್ಕರೆ ಅರ್ಧ ಹೊರಹೋಗಲು ಏಳೆಂಟು ವರ್ಷ ಬೇಕು. ಅದು ಲಿಸ್ಟರ್ ಅವೆನ್ಯೂವಿನಲ್ಲಿದೆ ಎಂಬುದು ಬಯಲಾದದ್ದು 1983ರಲ್ಲಿ, ಕಾರ್ಖಾನೆ ನಿಂತು ಹದಿನಾಲ್ಕು ವರ್ಷಗಳ ಮೇಲೆ. ನದಿಯ ಕೆಳಗಿನ 8.3 ಮೈಲಿಯ ಕೆಸರನ್ನು ಹೂಳೆತ್ತಿ ಉಳಿದದ್ದನ್ನು ಮುಚ್ಚಲು 138 ಕೋಟಿ ಡಾಲರ್ ತಗಲುತ್ತದೆಂದು ಸರ್ಕಾರ 2016ರಲ್ಲಿ ಅಂದಾಜು ಮಾಡಿತು. ನಮ್ಮ ಊರಿನ ಅಂಚು ಈ 8.3 ಮೈಲಿಯೊಳಗೇ ಬರುತ್ತದೆ.

ಇಷ್ಟನ್ನೂ ಕೇಳಿ ಆಯಿ, ಮಾಡುವಾಗಲೇ ಈ ಕಸ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿಕೊಳ್ಳಲಿಲ್ಲವೇ ಎಂದಳು. ನಮ್ಮ ಡಾಕ್ಟರೇಟಿನ ಪರೀಕ್ಷಕರು ಕೂಡ ನಮ್ಮನ್ನು ಕೇಳದೆ ಬಿಟ್ಟ ಪ್ರಶ್ನೆ ಅದು.

ಅವಳಿಗೆ ಆ ಪ್ರಶ್ನೆ ಸಹಜವಾಗಿ ಹೊಳೆದದ್ದಕ್ಕೆ ಕಾರಣ ಇದೆ. ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಐವತ್ತು ವರ್ಷ ಕಳೆದವಳಿಗೆ ಕಸ ಎಂಬ ಪದಾರ್ಥದ ಪರಿಚಯವೇ ಕಡಿಮೆ. ಮೈಸೂರು, ಬೆಂಗಳೂರು ಕಡೆಯ ನಮ್ಮ ಸದಸ್ಯರಿಗೆ ಈ ಪದ್ಧತಿ ಗೊತ್ತಿರಲಾರದು, ಸ್ವಲ್ಪ ವಿವರಿಸುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ತೋಟಗಳಿರುವುದು ಕಣಿವೆಗಳಲ್ಲಿ. 1801ರಲ್ಲಿ ಸೋಂದೆ, ಶಿರಸಿಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ತೋಟಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ತೋಟದ ಮೇಲಿನ ಇಳಿಜಾರಿನಲ್ಲಿ ಕಾಡು. ಅದಕ್ಕೆ ಸೊಪ್ಪಿನ ಬೆಟ್ಟ ಎಂದು ಹೆಸರು. ಬೆಟ್ಟದಿಂದ ಹಸಿ ಸೊಪ್ಪು ಮತ್ತು ದರಕು, ಎಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಬರುತ್ತವೆ. ದನಗಳು ತುಳಿದು, ಸಗಣಿ ಗಂಜಲ ಸೇರಿ ಅದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ತೋಟದಿಂದ ಅಡಿಕೆ ಪೇಟೆಗೆ ಹೋದರೆ, ಸೋಗೆ ಮಾಡಿಗೆ ಹೊದಿಕೆಯಾಗುತ್ತದೆ. ಹಾಳೆ ಮಳೆಗಾಲದಲ್ಲಿ ಟೋಪಿ, ಊಟಕ್ಕೆ ತಟ್ಟೆ, ದನಕ್ಕೆ ಮೇವು. ಅಡಿಕೆಯ ಸಿಪ್ಪೆ ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಿ ಮತ್ತೆ ತೋಟಕ್ಕೆ. ಹಳೆಯ ಸೋಗೆಯೂ ಕೊಳೆತು ಅಲ್ಲಿಗೇ.

ಇದರಲ್ಲಿ ಮನುಷ್ಯನ ಜಾಣತನ ಬಹಳವೇನಿಲ್ಲ ಎಂದು ನಮಗನಿಸುತ್ತದೆ. ಕಾಡು ತನ್ನಷ್ಟಕ್ಕೆ ಮಾಡುವುದನ್ನೇ ಕಣಿವೆಯವರು ನೋಡಿ ಮಾಡಿದರು. ಕಾಡಿನಲ್ಲಿ ಎಲೆ ಉದುರುತ್ತದೆ, ಗೆದ್ದಲು, ಎರೆಹುಳು, ಅಣಬೆ ಅದನ್ನು ಬಿಡಿಸುತ್ತವೆ, ಬೇರು ಮತ್ತೆ ಎತ್ತಿಕೊಳ್ಳುತ್ತದೆ. ರಸಾಯನಶಾಸ್ತ್ರದ ಮಾತಿನಲ್ಲಿ ಹೇಳಬೇಕೆಂದರೆ, ಅಲ್ಲಿ ಹುಟ್ಟುವ ಪ್ರತಿಯೊಂದು ಅಣುವನ್ನು ಮುರಿಯಬಲ್ಲ ಯಾವುದಾದರೂ ಒಂದು ಜೀವಿ ಕೈಯಳತೆಯಲ್ಲೇ ಇರುತ್ತದೆ. ಲಿಸ್ಟರ್ ಅವೆನ್ಯೂವಿನ ಅಣುವಿಗೆ ಅಂಥ ಗಿರಾಕಿ ಪಸೇಯಿಕ್ ನದಿಯಲ್ಲಿ ಸಿಗಲಿಲ್ಲ.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಬ್ರಿಟಿಷರ ಅರಣ್ಯ ಕಾನೂನು ಬಂದ ಮೇಲೆ ಕಾಡೆಲ್ಲ ಸರ್ಕಾರದ್ದಾಯಿತು. ತೋಟಿಗರು ಗಲಾಟೆ ಮಾಡಿ, ಅರ್ಜಿ ಬರೆದು ಬೆಟ್ಟದ ಸವಲತ್ತು ಉಳಿಸಿಕೊಂಡರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ. ಭೂಮಿ ಸರ್ಕಾರದ್ದು, ಸೊಪ್ಪು ತೋಟಿಗನದು. ಒಂಬತ್ತು ಎಂಬುದು ಅತಿಯಾಯಿತಲ್ಲವೇ ಎಂದು ಚಿಕ್ಕಂದಿನಲ್ಲಿ ನಮಗೆ ಅನಿಸುತ್ತಿತ್ತು. ಈಚೆಗೆ ಕಾಗದದ ಮೇಲೆ ಲೆಕ್ಕ ಹಾಕಿದೆವು. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಗೊಬ್ಬರ, ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಎಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಎಕರೆಗೆ ಸುಮಾರು 550 ಮರ. ಸೊಪ್ಪೊಂದೇ ಆರೂವರೆ ಟನ್ನು ಮೀರಿತು. ಗೊಬ್ಬರಕ್ಕೆ ಹಾಸುವ ದರಕು ಬೇರೆ. ಇಷ್ಟನ್ನು ಪ್ರತಿ ವರ್ಷ ಕೊಟ್ಟೂ ಬೆಟ್ಟ ಚಿಗುರಬೇಕೆಂದರೆ ಒಂಬತ್ತು ಎಕರೆ ದುಂದಲ್ಲ. ಒಂದು ಎಕರೆಯ ಸುಖದ ಹಿಂದೆ ಎಷ್ಟು ಕಾಡು ದುಡಿಯುತ್ತದೆ ಎಂಬುದು ಅಂಗಳದಲ್ಲಿ ನಿಂತರೆ ಕಣ್ಣಿಗೆ ಕಾಣುತ್ತಿತ್ತು. ಹ್ಯಾರಿಸನ್ನಿನ ನಮ್ಮ ಎರಡು ಕೋಣೆಯ ಮನೆಯ ಹಿಂದೆ ಎಷ್ಟು ಎಕರೆ ದುಡಿಯುತ್ತಿದೆಯೋ, ಎಲ್ಲಿದೆಯೋ, ಯಾರ ಬೆಟ್ಟವೋ!

ಹಾಗೆಂದು ಊರಿನ ಬದುಕನ್ನು ಪಟ ಕಟ್ಟಿ ಪೂಜೆ ಮಾಡುವುದು ನಮ್ಮ ಉದ್ದೇಶವಲ್ಲ. ವಿದೇಶದಲ್ಲಿ ಕುಳಿತು ಬರೆಯುವವರಿಗೆ ಆ ಚಟ ಜಾಸ್ತಿ. ಸೊಪ್ಪಿನ ಹೊರೆ ತಾನಾಗಿ ನಡೆದು ಕೊಟ್ಟಿಗೆಗೆ ಬರಲಿಲ್ಲ. ಅದನ್ನು ಕಡಿದು ಹೊತ್ತವರು ತೋಟದ ಒಡೆಯರಲ್ಲ, ಕೂಲಿಯವರು, ಅದರಲ್ಲಿ ಎಷ್ಟೋ ಹೆಂಗಸರು. ಅವರ ಗುಡಿಸಲಿಗೆ ಒಂದು ಗುಂಟೆ ಬೆಟ್ಟವೂ ಇರಲಿಲ್ಲ. ತಲೆಹೊರೆ ಹೊರದವನಿಗೆ ಸರಳ ಜೀವನ ಸುಂದರವಾಗಿ ಕಾಣುವುದು ಸಹಜವೇ. ಅಲ್ಲದೆ ಅನೇಕ ಕಡೆ ನಮ್ಮವರು ಮಿತಿ ಮೀರಿ ಸವರಿದ್ದರಿಂದ ಬೆಟ್ಟಗಳು ಬೋಳಾದವು. ಅರಣ್ಯ ಇಲಾಖೆಯವರು ಆ ಬಗ್ಗೆ ದೂರಿದ್ದರಲ್ಲಿ ಸತ್ಯ ಇಲ್ಲದಿಲ್ಲ.

ಆದರೆ ಇಲಾಖೆಯ ಸ್ವಂತ ಲೆಕ್ಕ ಇದಕ್ಕಿಂತ ಕೆಟ್ಟದಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಮಿಶ್ರ ಕಾಡನ್ನು ಬೋಳಿಸಿ ಸಾಲಾಗಿ ಸಾಗವಾನಿ ನೆಡುವುದು, ಪ್ಲೈವುಡ್ಡಿಗೆ ದೊಡ್ಡ ಮರ ಕೊಡುವುದು, ಕಾಗದಕ್ಕೆ ಬಿದಿರು ಕೊಡುವುದು ಪ್ರಗತಿಯ ಲಕ್ಷಣವೆನಿಸಿತು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಹುಟ್ಟಿದಾಗ ಬಿದಿರು ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಎಷ್ಟೋ ಪಟ್ಟು ತೆರಬೇಕಿತ್ತು. ಕೆಲವೇ ವರ್ಷಗಳಲ್ಲಿ ಬಿದಿರು ಕ್ಷೀಣಿಸಿತು. ತಪ್ಪು ಹಳ್ಳಿಯವರದು, ದನ ಮೇಯಿಸಿ ಹಾಳುಮಾಡುತ್ತಾರೆ ಎಂದು ಹೇಳಿದ್ದಾಯಿತು. 1970ರ ದಶಕದಲ್ಲಿ ಇದನ್ನು ಪರೀಕ್ಷಿಸಲು ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೋದವರು ಮಾಧವ ಗಾಡ್ಗೀಳ್. ಅವರು ಕಂಡದ್ದು ಇಷ್ಟು. ಬಿದಿರುಮೆಳೆಯ ಬುಡದಲ್ಲಿ ಮುಳ್ಳಿನ ಪೊದೆಯಂಥ ಒಂದು ಹೊದಿಕೆ ಇರುತ್ತದೆ. ಮೆಳೆ ಚೊಕ್ಕಟವಾಗಿದ್ದರೆ ಚೆನ್ನಾಗಿ ಬೆಳೆಯುತ್ತದೆಂದು ಕಾರ್ಖಾನೆಯ ಕಡೆಯವರು ಅದನ್ನು ಕಡಿಸಿಹಾಕಿದ್ದರು. ಹೊಸ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳ ಬಾಯಿಂದ ಕಾಯುತ್ತಿದ್ದದ್ದೇ ಆ ಮುಳ್ಳು. ಊರಿನವರಿಗೆ ಇದು ಮೊದಲೇ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಹೊಸದಾಗಿ ಸೇರಿದ ಹುಡುಗರು "ಇದು ಯಾಕೆ ಇಲ್ಲಿದೆ, ತೆಗೆದುಬಿಡೋಣ" ಎಂದಾಗಲೆಲ್ಲ ನಾವು ಈ ಕಥೆ ಹೇಳುತ್ತೇವೆ. ಅವರು ಬೇಸರಪಟ್ಟುಕೊಂಡು ಕೇಳುತ್ತಾರೆ.

ಪಸೇಯಿಕ್ ದಂಡೆಯಲ್ಲಿ ಡಯಾಕ್ಸಿನ್ ಪತ್ತೆಯಾದ ಅದೇ 1983ರಲ್ಲಿ, ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ ಕೊಡಲಿಯ ಮುಂದೆ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಈ ಸೀಮೆಗೆ ಬಂದು ಮಾತಾಡಿ ಹೋಗಿದ್ದರು. ಪಾಂಡುರಂಗ ಹೆಗಡೆ ಮುಂತಾದ ತರುಣರು ಊರೂರು ತಿರುಗಿದ್ದರು. ಕನ್ನಡದಲ್ಲಿ ಇದಕ್ಕೆ "ಅಪ್ಪಿಕೋ" ಎಂದು ಹೆಸರಾಯಿತು. ಸಾಲ್ಕಣಿಯಲ್ಲಿ ಕಾವಲು 38 ದಿನ ನಡೆಯಿತು. ಅಲ್ಲಿಂದ ಬೇರೆ ಊರುಗಳಿಗೂ ಹಬ್ಬಿತು. 1990ರ ಸುಮಾರಿಗೆ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಿತು.

ಚಳವಳಿಯ ಘೋಷಣೆ ಮೂರೇ ಮಾತಿನದು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತನ್ನು ಪೇಟೆಯ ಪರಿಸರಪ್ರೇಮಿಗಳು ಮರೆಯುವುದುಂಟು. ಸಾಲ್ಕಣಿಯವರು ಕಾಡಿಗೆ ಬೇಲಿ ಹಾಕಿ ದೂರ ನಿಂತು ಕೈಮುಗಿಯಿರಿ ಎನ್ನಲಿಲ್ಲ. ಅವರಿಗೆ ದರಕು ಬೇಕಿತ್ತು, ಸೌದೆ ಬೇಕಿತ್ತು, ಜೇನು ಬೇಕಿತ್ತು, ಮುರುಗಲು ಬೇಕಿತ್ತು. ಬಳಸುವವರೇ ಉಳಿಸುವ ಹೊಣೆ ಹೊರಬೇಕು, ಮೊದಲು ಅದು ಕಣ್ಣೆದುರು ಇರಬೇಕು, ಇಷ್ಟೇ ಅವರ ವಾದ.

ಬಳಸುವುದರಲ್ಲಿ ಸೌದೆಯದೇ ದೊಡ್ಡ ಪಾಲು. ಇಲ್ಲಿ ನಮ್ಮ ವೃತ್ತಿಯವರೇ ಆದ ಒಬ್ಬರನ್ನು ನೆನೆಯಬೇಕು. ಬೋಕ್ರಿಸ್ ಮತ್ತು ರೆಡ್ಡಿ ಬರೆದ, 1970ರಲ್ಲಿ ಅಚ್ಚಾದ ವಿದ್ಯುದ್ರಸಾಯನಶಾಸ್ತ್ರದ ಎರಡು ದಪ್ಪ ಸಂಪುಟಗಳು ಈ ಶಾಸ್ತ್ರ ಓದಿದವರ ಕಪಾಟಿನಲ್ಲಿ ಇದ್ದೇ ಇರುತ್ತವೆ. ಆ ರೆಡ್ಡಿ ಎಂದರೆ ಬೆಂಗಳೂರಿನ ಅಮೂಲ್ಯ ರೆಡ್ಡಿ. 1960ರ ದಶಕದಲ್ಲಿ ಕೆಲವು ವರ್ಷ ಅವರು ನಮ್ಮಿಂದ ಎರಡು ಗಂಟೆ ದಾರಿಯ ಫಿಲಡೆಲ್ಫಿಯಾದಲ್ಲಿದ್ದು, ವಿಜ್ಞಾನ ಸಂಸ್ಥೆಗೆ ಮರಳಿದರು. ಪುಸ್ತಕದ ಕೀರ್ತಿ ಬರುತ್ತಿದ್ದ ಕಾಲದಲ್ಲೇ ಎಲೆಕ್ಟ್ರೋಡುಗಳಿಂದ ಹಳ್ಳಿಯ ಒಲೆಯ ಕಡೆ ತಿರುಗಿದರು. 1974ರಲ್ಲಿ ಅವರು ಮತ್ತು ಸಂಗಡಿಗರು "ಅಸ್ತ್ರ" ಎಂಬ ಕೇಂದ್ರವನ್ನು ತೆರೆದು, ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಎಂಬ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ತೆಗೆದರು. ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ಹೀಗೆ ಮನೆಮನೆಯ ಲೆಕ್ಕ. ಹಳ್ಳಿಯ ಶಕ್ತಿಯೆಂದರೆ ಬಹುಪಾಲು ಸೌದೆ, ಆ ಸೌದೆಯ ಹಿಂದೆ ಹೆಂಗಸರ ಮತ್ತು ಮಕ್ಕಳ ಕಾಲು. ಅದರಿಂದ ಹುಟ್ಟಿದ್ದು ಅಸ್ತ್ರ ಒಲೆ: ಮಣ್ಣಿನದು, ಮೂರು ಪಾತ್ರೆ ಕೂರುವಂಥದು, ಹೊಗೆಕೊಳವೆ ಇರುವಂಥದು. ಸೌದೆಯ ಖರ್ಚು ಅರ್ಧದಷ್ಟಾಯಿತು, ಅಡಿಗೆಮನೆಯ ಹೊಗೆ ಹೊರಗೆ ಹೋಯಿತು. ನಮ್ಮ ಸೀಮೆಯಲ್ಲಿ ಅಪ್ಪಿಕೋದವರೂ ಸೌದೆ ಉಳಿಸುವ ಒಲೆಗಳನ್ನು ಪ್ರಚಾರ ಮಾಡಿದರು.

ಪುರದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾದದ್ದು. ಸಗಣಿಯ ಅನಿಲದಿಂದ ಊರಿನ ಅಡಿಗೆಯೆಲ್ಲ ಆಗಲಿ ಎಂದು ಮೊದಲು ಯೋಚಿಸಿದರು. ಸಗಣಿ ಅಷ್ಟಿಲ್ಲವೆಂದು ಲೆಕ್ಕ ಹೇಳಿತು. ಛಲ ಹಿಡಿಯದೆ, 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ತು ತೆಗೆದು ಕುಡಿಯುವ ನೀರೆತ್ತಿ ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಅನಿಲ ತೆಗೆದ ಮೇಲಿನ ಗೊಬ್ಬರ ವಾಪಸು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅವರನ್ನು ನಾವು ಕಂಡವರಲ್ಲ. ಆದರೆ ಕೆಲಸದ ಮೇಜಿನ ಮೇಲೆ ಆ ದಪ್ಪ ಪುಸ್ತಕ ತೆರೆದಾಗಲೆಲ್ಲ ಸ್ವಲ್ಪ ಮುಜುಗರವಾಗುತ್ತದೆ.

ಮುಜುಗರಕ್ಕೆ ಇನ್ನೊಂದು ಕಾರಣ ನಮ್ಮ ಅಣ್ಣನ ಫೋನು. ತೋಟ ನೋಡಿಕೊಳ್ಳುವವನು ಅವನೇ. ಸೊಪ್ಪು ಹೊರಲು ಈಗ ಆಳು ಸಿಗುವುದಿಲ್ಲ, ಕೂಲಿಯವರ ಮಕ್ಕಳು ಶಾಲೆ ಕಲಿತು ಪೇಟೆಗೆ ಹೋದರು, ಅದು ಆಗಬೇಕಾದದ್ದೇ. ಕೊಟ್ಟಿಗೆಯಲ್ಲಿ ಉಳಿದದ್ದು ಎರಡೇ ದನ. "ನೀನು ಕೆಮಿಸ್ಟ್ರಿ ಓದಿದವ, ಚೀಲದ ಗೊಬ್ಬರ ಎಷ್ಟು ಹಾಕಬೇಕು ಹೇಳು" ಎಂದು ಕೇಳಿದ. ಸಾರಜನಕ, ರಂಜಕ, ಪೊಟ್ಯಾಶಿನ ಲೆಕ್ಕ ಐದು ನಿಮಿಷದಲ್ಲಿ ಹೇಳಿದೆವು. ಆ ಆರೂವರೆ ಟನ್ನು ಸೊಪ್ಪಿನ ಬದಲು ಏನು ಹಾಕಬೇಕು ಎಂದು ಅವನು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಸೊಪ್ಪು ಬರೇ ಪೋಷಕಾಂಶವಲ್ಲ, ಮಣ್ಣಿನ ಮೈ ಅದು. ಚೀಲದಲ್ಲಿ ಮೈ ಬರುವುದಿಲ್ಲ. ಈಗ ಅವನು ಬಿದ್ದ ಸೋಗೆಯನ್ನು ತೋಟದಲ್ಲೇ ಕತ್ತರಿಸಿ ಹಾಸುತ್ತಿದ್ದಾನೆ, ದರಕನ್ನು ವರ್ಷ ಬಿಟ್ಟು ವರ್ಷ ಟ್ರಾಕ್ಟರಿನಲ್ಲಿ ತರಿಸುತ್ತಾನೆ. ನಡೆಯುತ್ತಿದೆ.

ರಸಾಯನವೆಲ್ಲ ಕೆಟ್ಟದ್ದು, ನೈಸರ್ಗಿಕವೆಲ್ಲ ಒಳ್ಳೆಯದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಅದಿಲ್ಲದಿದ್ದರೆ ಎಷ್ಟೋ ಮನೆಗಳು ಮುಳುಗುತ್ತಿದ್ದವು, ನಮ್ಮದೂ ಸೇರಿ. ಇನ್ನು ಅಪ್ಪಟ ನೈಸರ್ಗಿಕವಾದ ಅಡಿಕೆಯನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಓದಿನ ಫೀಸು ಬಂದದ್ದು ಆ ಅಡಿಕೆಯಿಂದ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಲೆಕ್ಕ ಎಂದ ಮೇಲೆ ಈ ಬಾಬತ್ತನ್ನೂ ಬರೆಯಬೇಕು.

ಈಗ ತಟ್ಟೆಯ ವಿಷಯ. ನ್ಯೂಜೆರ್ಸಿಯಲ್ಲಿ 2022ರ ಮೇ ತಿಂಗಳಿಂದ ಥರ್ಮೋಕೋಲಿನಂಥ ಫೋಮ್ ತಟ್ಟೆಗಳು ನಿಷಿದ್ಧವಾದಾಗ ನಮ್ಮ ಕೂಟದವರು ಸಂತೋಷದಿಂದ ಅಡಿಕೆ ಹಾಳೆಯ ತಟ್ಟೆಗೆ ಬದಲಾಯಿಸಿದೆವು. ಅಂಗಡಿಯಲ್ಲಿ ಆ ತಟ್ಟೆಯ ಕಟ್ಟು ನೋಡಿದಾಗ ನಮಗೆ ಊರೇ ಬಂದಂತಾಗಿತ್ತು. ನಮ್ಮ ಬಾಲ್ಯದಲ್ಲಿ ದನ ತಿನ್ನುತ್ತಿದ್ದ ಹಾಳೆ ಈಗ ಸಮುದ್ರ ದಾಟಿ ಡಾಲರಿಗೆ ಮಾರಾಟವಾಗುತ್ತಿದೆಯಲ್ಲ ಎಂಬ ಹೆಮ್ಮೆ ಬೇರೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಈ ತಟ್ಟೆಯಿಂದ ಅಡಿಕೆಯ ಕ್ಷಾರಾಭಗಳು ಊಟಕ್ಕೆ ಇಳಿಯಬಹುದೆಂದು ಹೇಳಿ, ಇವನ್ನು ಮಾರಬಾರದೆಂದು ಸೂಚಿಸಿತು. ಸಭೆಯಲ್ಲಿ ಸದಸ್ಯರೊಬ್ಬರು ನಮ್ಮ ಕಡೆ ತಿರುಗಿ, ನೀವು ಕೆಮಿಸ್ಟರಲ್ಲವೇ, ಏನು ಹೇಳುತ್ತೀರಿ ಎಂದರು. "ನಮ್ಮ ಹಿರಿಯರು ಊಟ ಮಾಡಿದ್ದು ಇದರಲ್ಲೇ, ಏನೂ ಆಗುವುದಿಲ್ಲ" ಎಂದುಬಿಟ್ಟೆವು. ಅದು ಕೆಮಿಸ್ಟರ ಉತ್ತರ ಅಲ್ಲ, ಶಿರಸಿಯವರ ಉತ್ತರ. ಬಿಸಿ ಸಾರು ಹಾಕಿದರೆ ಹಾಳೆಯಿಂದ ಎಷ್ಟು ಇಳಿಯುತ್ತದೆಂದು ನಾವು ಅಳೆದವರಲ್ಲ. ಹಿರಿಯರು ಅಳೆದವರಲ್ಲ. ಅಳೆಯದೆ ಮಾತಾಡಿದ್ದಕ್ಕೆ ಕೂಟದ ಕ್ಷಮೆ ಕೋರುತ್ತೇವೆ.

ಆ ಹಾಳೆ ಶಿರಸಿಯಲ್ಲಿ ಕಸವಾಗದೆ ಇದ್ದದ್ದು ಅದರ ಸುತ್ತ ದನ, ಗೊಬ್ಬರಗುಂಡಿ, ತೋಟ ಎಲ್ಲವೂ ನೂರು ಹೆಜ್ಜೆಯೊಳಗೆ ಇದ್ದುದರಿಂದ. ಹಡಗಿನಲ್ಲಿ ಬಂದು, ಒಂದು ಹೊತ್ತು ಬಿಸಿಬೇಳೆಭಾತ್ ಹೊತ್ತು, ಹಾಲಿನ ಹಿಂದಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕುಳಿತರೆ ಅದಕ್ಕೂ ಫೋಮ್ ತಟ್ಟೆಗೂ ನಾವು ನೋಡುವ ವ್ಯತ್ಯಾಸ ಎಷ್ಟಿದೆಯೋ ಸಂಶಯ.

ಕಾರ್ಯಕಾರಿ ಸಮಿತಿ ಒಪ್ಪಿರುವಂತೆ ಬರುವ ಯುಗಾದಿ ಊಟಕ್ಕೆ ಪ್ರ್ರತಿಯೊಬ್ಬರೂ ಮನೆಯಿಂದ ಸ್ಟೀಲ್ ತಟ್ಟೆ, ಲೋಟ ತರಬೇಕು. ಮರೆತು ಬರುವವರಿಗೆಂದು ನಾವು ಇಪ್ಪತ್ತು ತಟ್ಟೆ ಹೆಚ್ಚಿಗೆ ತರುತ್ತೇವೆ. ಹಾಲಿನ ಅಡಿಗೆಮನೆಯಲ್ಲಿ ತೊಳೆಯುವ ಪಾಳಿಯ ಪಟ್ಟಿ ಹಾಕಿದ್ದಾರೆ, ಮೊದಲ ಹೆಸರು ನಮ್ಮದು. ಗಂಡಸರ ಹೆಸರುಗಳು ಇನ್ನೂ ಕೆಲವು ಬರಬೇಕಾಗಿದೆ. ವಿಷಯವನ್ನು ಫೋನಿನಲ್ಲಿ ಆಯಿಗೆ ತಿಳಿಸಿದೆವು. ತಟ್ಟೆಯದು ಸರಿ, ಮಿಕ್ಕ ಅನ್ನವನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇವೆ ಎಂದಿದ್ದೇವೆ.